ಬುಲೆಟ್ಟಿನ ಮನೆಗೆ ಹಂಡ್ರೆಡ್ ಬಂದ ವರ್ಷ

ಹೋದ ಫೆಬ್ರವರಿಯಲ್ಲಿ ಅಣ್ಣನ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆಂದು ಬ್ಯಾಡಗಿಗೆ ಹೋಗಿದ್ದೆ. ಬಸ್ಸಿನಿಂದ ಇಳಿಯುವಷ್ಟರಲ್ಲಿ ಎರಡು ಸೀನು ಬಂದವು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ನೆಲದ ಮೇಲೆ ನಿಂತು ಸೀನುವವರು ಪರಸ್ಥಳದವರು ಎಂದು ಲೆಕ್ಕ. ಹುಟ್ಟಿ ಬೆಳೆದ ಊರಿನಲ್ಲೇ ನನ್ನ ಮೂಗು ನನ್ನನ್ನು ಹೊರಗಿನವಳನ್ನಾಗಿ ಮಾಡಿತಲ್ಲ ಎಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾಗ, ಒಬ್ಬ ಕಾಲೇಜು ಹುಡುಗ ಹಳೆಯ ಹಂಡ್ರೆಡ್ ಸಿಸಿ ಗಾಡಿಯನ್ನು ಕಿರುಚಿಸುತ್ತ ಮಗ್ಗುಲಿನಿಂದಲೇ ಹೋದ. ನೀಲಿ ಹೊಗೆ ಮುಖಕ್ಕೆ ಬಡಿಯಿತು. ಮೆಣಸಿನಕಾಯಿಯ ಘಾಟು, ಸುಟ್ಟ ಆಯಿಲ್ ವಾಸನೆ ಎರಡೂ ಕೂಡಿ ಮೂಗಿಗೆ ಹೋದದ್ದೇ ತಡ, ನನ್ನ ಲಗ್ನ ಗೊತ್ತಾದ ಆ ಸುಗ್ಗಿ ಇಡಿಯಾಗಿ ನೆನಪಿಗೆ ಬಂತು. ನಡುರಸ್ತೆಯಲ್ಲಿ ನಿಂತು ಒಬ್ಬಳೇ ನಗತೊಡಗಿದೆ. ಕರೆಯಲು ಬಂದಿದ್ದ ಅಣ್ಣ, ವಯಸ್ಸಾದಂತೆ ತಂಗಿಯ ತಲೆ ಹಗುರಾಗಿದೆ ಎಂದುಕೊಂಡಿರಬೇಕು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಿ.ಎ. ಮುಗಿಸಿ, ವರ ನೋಡುವವರೆಗೆ ಕೆಲಸವಿಲ್ಲದ ಹುಡುಗಿಯರು ಕೂರುವ ಹಾಗೆ ಮನೆಯಲ್ಲಿ ಕೂತಿದ್ದೆ. ಅಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ರೈತರು ತಂದ ಮಾಲನ್ನು ಅಂಗಡಿ ಮುಂದೆ ಸುರುವಿಸಿ, ಖರೀದಿದಾರರಿಗೆ ತೋರಿಸಿ, ಅವರಿಂದ ದರ ಬರೆದ ಟೆಂಡರ್ ಚೀಟಿ ಹಾಕಿಸಿ ಮಾರಿಸಿಕೊಡುವ ಕೆಲಸ. ಹೊಲವಿರಲಿಲ್ಲ, ಇದ್ದದ್ದು ಮನೆಯೊಂದೇ, ಆದರೆ ಊರಿನಲ್ಲಿ ಮಾತಿಗೆ ತೂಕವಿತ್ತು. ಆ ತೂಕದಲ್ಲಿ ಅರ್ಧದಷ್ಟು ಅಪ್ಪನ ಬುಲೆಟ್ಟಿನದು.

ಬುಲೆಟ್ ನಮ್ಮ ಮನೆಯಲ್ಲಿ ನನಗಿಂತ ಹಿರಿಯದು. ಅದು ಹೊರಗೆ ನಿಲ್ಲುತ್ತಿರಲಿಲ್ಲ. ಹೊಸ್ತಿಲಿಗೆ ಹಲಗೆ ಆನಿಸಿ, ಡುಗುಡುಗು ಎನ್ನಿಸುತ್ತ ಅಪ್ಪ ಅದನ್ನು ಪಡಸಾಲೆಗೇ ಹತ್ತಿಸುತ್ತಿದ್ದ. ಆಯಿಲ್ ತೊಟ್ಟಿಕ್ಕುತ್ತದೆಂದು ಅದರ ಕೆಳಗೆ ಸದಾ ಒಂದು ಗೋಣಿತಟ್ಟು. ಮನೆಗೆ ಬಂದ ನೆಂಟರು ಬುಲೆಟ್ಟಿನ ಆಚೆ ಈಚೆ ಜಾಗ ಮಾಡಿಕೊಂಡು ಕೂರಬೇಕು. ಚಾಲೂ ಮಾಡುವುದಂತೂ ದೊಡ್ಡ ಪೂಜೆ. ಕೀಲಿ ತಿರುವಿ, ಕಿಕ್ಕನ್ನು ಮೆಲ್ಲಗೆ ಒತ್ತುತ್ತ, ಮುಂದಿನ ಸಣ್ಣ ಮೀಟರಿನ ಮುಳ್ಳು ನಟ್ಟನಡುವೆ ಬಂದು ನಿಲ್ಲುವವರೆಗೆ ಕಾದು, ಉಸಿರು ಬಿಗಿಹಿಡಿದು ಒಂದೇ ಒದೆತ ಕೊಡಬೇಕು. ಮುಳ್ಳು ನಡುವೆ ಬರುವ ಮೊದಲೇ ಅವಸರ ಮಾಡಿದರೆ ಅದು ತಿರುಗಿ ಒದೆಯುತ್ತಿತ್ತು. ಅಪ್ಪನ ಬಲಗಾಲಿನ ಮೇಲೆ ಅಂಥದೊಂದು ಗಾಯದ ಗುರುತಿತ್ತು. ದಂಡಿನಲ್ಲಿ ಕಾದಾಡಿ ಬಂದವರಂತೆ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದ.

ಅವ್ವನಿಗೆ ಬುಲೆಟ್ಟಿನ ಮೇಲೆ ಬೇರೆಯದೇ ಕಾರಣಕ್ಕೆ ಪ್ರೀತಿ. ಅದರ ಸಪ್ಪಳ ಸ್ಟೇಷನ್ ಹತ್ತಿರ ಕೇಳಿದಾಗ ಹಂಚಿಗೆ ರೊಟ್ಟಿ ಹಾಕಿದರೆ, ಅಪ್ಪ ಕೈಕಾಲು ತೊಳೆದು ತಾಟಿನ ಮುಂದೆ ಕೂರುವಾಗ ರೊಟ್ಟಿ ಉಬ್ಬಿರುತ್ತಿತ್ತು. ಗಡಿಯಾರ ನೋಡುವ ಪ್ರಮೇಯವೇ ಇರಲಿಲ್ಲ.

ಇಂಥ ಮನೆಗೆ ಅಣ್ಣ ಬಸಣ್ಣ ಒಂದು ದಿನ ಕೆಂಪು ಬಣ್ಣದ ಹಂಡ್ರೆಡ್ ಸಿಸಿ ಗಾಡಿ ತಂದುಬಿಟ್ಟ. ಅಪ್ಪನಿಗೆ ಒಂದು ಮಾತು ಹೇಳಿರಲಿಲ್ಲ. ಅಪ್ಪ ಹೊರಗೆ ಬಂದು, ಅಂಗಡಿ ಮುಂದೆ ಸುರುವಿದ ಮಾಲನ್ನು ನೋಡುವಂತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ಇದರ ಎಂಜಿನ್ ಮನೆಗೆ ಆಮೇಲೆ ಬರುತ್ತದೇನು ಎಂದು ಕೇಳಿದ. ಅಣ್ಣನ ಮುಖ ಗಾಡಿಗಿಂತ ಕೆಂಪಾಯಿತು. ಆಮೇಲೆ ಅಪ್ಪ ತನ್ನ ತೀರ್ಪು ಕೊಟ್ಟ. ಆ ಸುಗ್ಗಿಯುದ್ದಕ್ಕೂ ಯಾರು ಸಿಕ್ಕರೂ ಅದನ್ನೇ ಹೇಳಿದ.

"ಬುಲೆಟ್ ಅಂದ್ರ ನಮ್ಮ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ. ಬಣ್ಣ ಐತಿ, ಘಾಟ ಕಡಿಮಿ, ಬಾಳಿಕಿ ಬರ್ತೈತಿ. ಹಂಡ್ರೆಡ್ ಅಂದ್ರ ಗುಂಟೂರ ಕಾಯಿ. ಬಾಯಾಗ ಇಟ್ಟರ ಉರಿ ಅಷ್ಟ."

ಅಣ್ಣನೂ ಸುಮ್ಮನಿರುವ ಪೈಕಿ ಅಲ್ಲ. ಬುಲೆಟ್ ಚಾಲೂ ಮಾಡುವ ಹೊತ್ತಿಗೆ ತಾನು ಮೋಟೆಬೆನ್ನೂರಿಗೆ ಹೋಗಿ ಚಹಾ ಕುಡಿದು ಬಂದಿರುತ್ತೇನೆ ಎನ್ನುತ್ತಿದ್ದ. ಮಾತು ಸುಳ್ಳಲ್ಲ. ಹಂಡ್ರೆಡ್ಡಿಗೆ ಕಾಲು ತಾಗಿಸಿದರೆ ಸಾಕು, ನಾಯಿಮರಿಯಂತೆ ಎದ್ದು ಕುಣಿಯುತ್ತಿತ್ತು. ಆದರೆ ಅದಕ್ಕೆ ಭಾರ ಹೊರುವ ಯೋಗ್ಯತೆ ಇರಲಿಲ್ಲ. ಒಮ್ಮೆ ಅಣ್ಣ ಜಂಬದಿಂದ ಹಿಂದಿನ ಸೀಟಿಗೆ ಮೆಣಸಿನಕಾಯಿ ಚೀಲ ಕಟ್ಟಿಕೊಂಡು, ಇಡೀ ಯಾರ್ಡು ನೋಡಲೆಂದು ಜೋರಾಗಿ ಕ್ಲಚ್ ಬಿಟ್ಟ. ಮುಂದಿನ ಗಾಲಿ ಮುಗಿಲಿಗೆ ಎದ್ದಿತು. ಅಣ್ಣ ಹಿಂದಕ್ಕೆ ಜಾರಿ ಚೀಲದ ಮೇಲೆ ಕೂತ, ಚೀಲ ನೆಲದ ಮೇಲೆ ಕೂತಿತು, ಗಾಡಿ ತಾನೊಂದೇ ಒಂದಷ್ಟು ದೂರ ಹೋಗಿ ಯಾರದೋ ಮೆಣಸಿನಕಾಯಿ ರಾಶಿಯೊಳಗೆ ಮೂಗು ತೂರಿಸಿ ನಿಂತಿತು. ಹಮಾಲರು ವಾರಗಟ್ಟಲೆ ಅದನ್ನು ಆಡಿ ತೋರಿಸುತ್ತಿದ್ದರು.

ನಾನು ಎರಡೂ ಗಾಡಿಗಳ ಹಿಂದೆ ಕೂತವಳು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ಅವರಿಬ್ಬರಿಗಿಂತ ನನಗೇ ಹೆಚ್ಚು. ಬುಲೆಟ್ಟಿಗೆ ಎರಡು ಸೀಟು, ಎರಡರ ಕೆಳಗೂ ಸ್ಪ್ರಿಂಗು. ಸೀರೆ ಉಟ್ಟು ಅಡ್ಡ ಕೂತರೆ ಉಯ್ಯಾಲೆಯಲ್ಲಿ ಕೂತ ಹಾಗಿರುತ್ತಿತ್ತು. ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ನಡುವೆ ಒಂದು ಗೇಣು ಮರ್ಯಾದೆಯ ಜಾಗ. ಹಂಡ್ರೆಡ್ಡಿನದು ಒಂದೇ ಉದ್ದನೆಯ ಸೀಟು, ಬ್ರೇಕು ಹಾಕಿದರೆ ಹಿಂದಿನವರು ಮುಂದಿನವರ ಬೆನ್ನಿಗೇ ಬಂದು ಬೀಳಬೇಕು. ಅಪ್ಪನ ಪ್ರಕಾರ ಆ ಗಾಡಿಯ ಇಡೀ ನಡತೆ ಆ ಸೀಟಿನಲ್ಲೇ ತಿಳಿಯುತ್ತಿತ್ತು. ಹಾಗಾಗಿ ಮಗಳನ್ನು ಹಂಡ್ರೆಡ್ ಇಟ್ಟವನಿಗೆ ಕೊಡುವುದಿಲ್ಲ ಎಂದು ನನಗೆ ವರ ಹುಡುಕುವ ಮೊದಲೇ ನಿರ್ಧರಿಸಿಬಿಟ್ಟಿದ್ದ.

ಅಪ್ಪನಿಗೆ ಗೊತ್ತಿಲ್ಲದ್ದು ಒಂದಿತ್ತು. ಸಂಜೆ ಹೊತ್ತು ಕೋಲ್ಡ್ ಸ್ಟೋರೇಜ್ ಹಿಂದಿನ ಬಯಲಿನಲ್ಲಿ ಅಣ್ಣ ನನಗೆ ಹಂಡ್ರೆಡ್ ಕಲಿಸಿದ್ದ. ಪ್ರೀತಿಯಿಂದಲ್ಲ, ತಾನು ಕೂತಾಗ ಗಾಡಿ ಹೇಗೆ ಕಾಣುತ್ತದೆಂದು ತನಗೆ ಕಾಣುವುದಿಲ್ಲ, ಬೇರೆಯವರು ಓಡಿಸಿದರೆ ನೋಡಬಹುದು ಎಂಬುದು ಅವನ ಆಸೆ. ಕಾರಣ ಏನಾದರೂ ಇರಲಿ, ನಾನು ಕಲಿತೆ. ಗಾಡಿ ಚಾಲೂ ಆದ ಕೂಡಲೇ ಎರಡು ಸಲ ರೇಸ್ ಕೊಡುವುದು ನನ್ನ ಚಾಳಿಯಾಯಿತು. ಹಾಗೆ ಕೊಟ್ಟಾಗ ಎದೆಯೊಳಗೆ ಏನೋ ಹಗುರಾಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ರಾಣೆಬೆನ್ನೂರಿನಿಂದ ಮೊದಲ ವರ ಬಂದರು. ಮಲ್ಲಿಕಾರ್ಜುನ ಅಂತ. ಪಂಪ್‌ಸೆಟ್ಟಿನ ಸಾಮಾನು ಮಾರುವ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇತ್ತು. ದೊಡ್ಡಪ್ಪನನ್ನು ಹಿಂದೆ ಕೂರಿಸಿಕೊಂಡು ಬಂದದ್ದು ಹಂಡ್ರೆಡ್ಡಿನ ಮೇಲೆ. ಅಪ್ಪ ಕಿವಿ ನೆಟ್ಟಗೆ ಮಾಡಿಕೊಂಡು ಬುಲೆಟ್ ಸಪ್ಪಳಕ್ಕೆ ಕಾಯುತ್ತಿದ್ದವನು, ಬಾಗಿಲಲ್ಲಿ ಏಕಾಏಕಿ ಇಬ್ಬರು ನಿಂತದ್ದು ಕಂಡು ಗಾಬರಿಯಾದ. ಅವ್ವನ ಹಂಚು ಇನ್ನೂ ತಣ್ಣಗಿತ್ತು.

ಓದಿದ ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿರಿಯರು ನಮ್ಮನ್ನು ಮನೆ ಮಗ್ಗುಲಿನ ಬೇವಿನ ಮರದ ಕೆಳಗೆ ಕಳಿಸಿದರು. ಅವರ ಗಾಡಿ ನಿಂತದ್ದೂ ಅಲ್ಲೇ. ಅವರು ಕೊರಳಪಟ್ಟಿ ಸರಿ ಮಾಡಿಕೊಳ್ಳುತ್ತ, ಏನು ಕೇಳಬೇಕೆಂದು ತಿಳಿಯದೆ, ನಿಮಗೆ ಅಡುಗೆ ಬರುತ್ತದೇನು ಎಂದು ಕೇಳುವವರಿದ್ದರೋ ಏನೋ. ಅಷ್ಟರಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಇದರ ಗೇರ್ ಎಲ್ಲಾ ಹಿಂದಕ್ಕ ಬೀಳ್ತಾವೇನ್ರಿ, ಒಂದು ಮುಂದಕ್ಕ ಐತೇನ್ರಿ?"

ಅವರು ನಗಲಿಲ್ಲ. ಕಿಸೆಯಿಂದ ಕೀಲಿ ತೆಗೆದು ನನ್ನ ಕೈಗಿಟ್ಟು, ಕುಂತು ನೋಡ್ರಿ ಎಂದರು. ಇಳಕಲ್ಲಿನ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಿಕ್ ಒದ್ದೆ. ಚಾಲೂ ಆಯಿತು. ಕೈ ತನ್ನ ಪಾಡಿಗೆ ತಾನು ಎರಡು ಸಲ ರೇಸ್ ಕೊಟ್ಟಿತು.

ಒಳಗೆ ಅಪ್ಪ ಚಹಾದ ಕಪ್ಪನ್ನು ಬಸಿಯ ಮೇಲೆ ಕುಕ್ಕಿದನಂತೆ. ಅಪ್ಪ ಓಡಿ ಬರುವಷ್ಟರಲ್ಲಿ ಮಲ್ಲಿಕಾರ್ಜುನ ಹ್ಯಾಂಡಲ್ ಹಿಡಿದು ನಿಂತಿದ್ದರು, ನಾನು ಬೇವಿನ ಮರದ ಹಿಂದೆ ಹೆಣ್ಣು ತೋರಿಸಲು ತಕ್ಕ ಮುಖ ಮಾಡಿಕೊಂಡು ನಿಂತಿದ್ದೆ. ಪ್ಲಗ್ಗು ಹಿಡಿಯುತ್ತಿತ್ತು, ನೋಡಿದೆ ಎಂದು ಅವರು ಅಪ್ಪನಿಗೆ ಹೇಳಿದರು. ಅಪ್ಪ ತಲೆ ಆಡಿಸಿದ. ಅವರು ಹೋದ ಮೇಲೆ ಪಡಸಾಲೆಯಲ್ಲಿ ಕೂತು ಮಾತು ಮುಗಿಸಿದ.

"ಹೆಣ್ಣಿನ ಕೂಡ ಮಾತಾಡು ಅಂತ ಕಳಿಸಿದ್ರ ಎರಡ ನಿಮಿಷ ಸುಮ್ಮನ ಕುಂದರಲಿಲ್ಲ, ಗಾಡಿ ಚಾಲೂ ಮಾಡಿದ. ಇಂಥಾವ ನಾಳೆ ಸಂಸಾರದಾಗ ಎಲ್ಲಿ ಕುಂದರತಾನ?"

ಈ ವರ್ಷ ಲಗ್ನ ಮಾಡುವ ವಿಚಾರ ಇಲ್ಲ ಎಂದು ರಾಣೆಬೆನ್ನೂರಿಗೆ ಹೇಳಿ ಕಳಿಸಿಯೂ ಆಯಿತು. ಚಾಲೂ ಮಾಡಿದವಳು ನಾನು ಎನ್ನಬಹುದಿತ್ತು. ಆದರೆ ಅಣ್ಣ ಕೈ ಮುಗಿದು ಬೇಡಿಕೊಂಡ, ತಂಗಿಗೆ ಗಾಡಿ ಕಲಿಸಿದ್ದು ಗೊತ್ತಾದರೆ ಅಪ್ಪ ಅವತ್ತೇ ಹಂಡ್ರೆಡ್ ಮಾರಿಸುತ್ತಿದ್ದ. ಹಾಗೆ ಹೇಳಿದರೂ ಗಾಡಿ ಒದೆಯುವ ಮಗಳ ಮಾತಿಗೆ ಅಪ್ಪ ಕಿವಿಗೊಡುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಮಲ್ಲಿಕಾರ್ಜುನ ನನಗೆ ಬಹಳ ಹಿಡಿಸಿದ್ದರು. ಹೆಣ್ಣು ನೋಡಲು ಬಂದು, ಕೀಲಿ ಕೊಟ್ಟು, ಬೈಗುಳ ತಾವು ತೆಗೆದುಕೊಂಡು ಹೋಗುವ ಗಂಡಸು ಇನ್ನೊಬ್ಬ ಸಿಗುತ್ತಾನೆಂದು ನನಗನ್ನಿಸಲಿಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅತ್ತುಬಿಟ್ಟೆ. ಯಾಕೆ ಅಳುತ್ತೀ ಎಂದು ಯಾರೂ ಕೇಳಲಿಲ್ಲ. ಸುಗ್ಗಿಯಲ್ಲಿ ಬ್ಯಾಡಗಿಯವರೆಲ್ಲರ ಕಣ್ಣಲ್ಲೂ ನೀರಿರುತ್ತದೆ.

ಎರಡನೆಯ ವರ ಹಾವೇರಿಯಿಂದ ಬಂದ. ವೀರೇಶ, ಗುತ್ತಿಗೆದಾರರ ಮನೆತನ. ಅವನ ಬುಲೆಟ್ ಸಪ್ಪಳ ಸ್ಟೇಷನ್ ಹತ್ತಿರ ಕೇಳುತ್ತಲೇ ಅಪ್ಪ ಕಣ್ಣು ಮುಚ್ಚಿ, ಭಜನೆ ಕೇಳಿದಂತೆ ಕೇಳಿದ. ಅವ್ವ ಹಂಚಿಗೆ ರೊಟ್ಟಿ ಹಾಕಿದಳು. ವೀರೇಶ ಒಳ್ಳೆಯವನೇ. ಆದರೆ ನಾನು ಅವಲಕ್ಕಿ ತಂದಿಟ್ಟಾಗ ಅವನು ಮೊಣಕಾಲೂರಿ ನಮ್ಮ ಬುಲೆಟ್ಟಿನ ಹೊಟ್ಟೆಯ ಕೆಳಗೆ ನೋಡುತ್ತಿದ್ದ. ಹಳೆಯ ಕಾಲದ ಎರಕ, ಈಗ ಇಂಥದು ಸಿಗುವುದಿಲ್ಲ ಎಂದು ಅವನು ಅಂದರೆ ಅಪ್ಪನಿಗೆ ಕಣ್ಣು ತುಂಬಿ ಬಂತು. ಹೆಣ್ಣು ನೋಡಲು ಬಂದವನು ಬುಲೆಟ್ ನೋಡಿ ಒಪ್ಪಿಕೊಂಡು ಹೋದ. ನನ್ನನ್ನೂ ಒಪ್ಪಿದ್ದಾನೆಂದು ಆಮೇಲೆ ಸುದ್ದಿ ಬಂತು.

ಮಾತು ಪಕ್ಕಾ ಮಾಡಲು ಸೋಮವಾರ ಛಲೋ ದಿನ ಎಂದು ಸ್ವಾಮಿಗಳು ಹೇಳಿದರು. ಸೋಮವಾರವೆಂದರೆ ಬ್ಯಾಡಗಿಯಲ್ಲಿ ಮಾರ್ಕೆಟ್ಟಿನ ದಿನ. ಲಗ್ನದ ಮಾತಿಗಾಗಿ ದಲಾಲಿ ಬಿಟ್ಟವರಿಲ್ಲ. ಅಪ್ಪ ಬೆಳಿಗ್ಗೆಯೇ ಯಾರ್ಡಿಗೆ ಹೋದ. ಹಾವೇರಿಯವರು ಏಲಕ್ಕಿ ಹಾರ ಹಿಡಿದುಕೊಂಡು ಹೇಳಿದ ಹೊತ್ತಿಗೆ ಬಂದು ಪಡಸಾಲೆ ತುಂಬ ಕೂತರು. ವೀರೇಶನ ಅಜ್ಜನೂ ಬಂದಿದ್ದರು, ತಲೆಗೆ ದೊಡ್ಡ ಕೆಂಪು ರುಮಾಲು, ಎದೆಯಲ್ಲಿ ಹಳೆಯ ದಮ್ಮು. ಅಪ್ಪ ಬಂದದ್ದು ತಡವಾಗಿ, ಅದೂ ಓಡೋಡಿ. ಪರವೂರ ಖರೀದಿದಾರರಿಗೆ ಕಳಿಸಬೇಕಾದ ಸ್ಯಾಂಪಲ್ ಮೆಣಸಿನಕಾಯಿಯ ಬಟ್ಟೆಚೀಲವನ್ನು ಬುಲೆಟ್ಟಿಗೆ ತೂಗುಹಾಕಿಕೊಂಡಿದ್ದ. ಅವಸರದಲ್ಲಿ ಚೀಲ ಬಿಚ್ಚದೆ, ರೂಢಿಯಂತೆ ಹಲಗೆಯ ಮೇಲೆ ಗಾಡಿ ಹತ್ತಿಸಿ ನೆಂಟರ ನಡುವೆ ನಿಲ್ಲಿಸಿ, ಎಲ್ಲರಿಗೂ ಶರಣು ಅಂದು ಕೂತ.

ಚೀಲ ಕಾದ ಸೈಲೆನ್ಸರಿನ ಮೇಲೆ ಕೂತಿತ್ತು.

ಮೊದಲು ಒಬ್ಬರು ಗಂಟಲು ಸರಿಮಾಡಿಕೊಂಡರು. ಇನ್ನೊಬ್ಬರು ಸೀನಿದರು. ಮೂರನೆಯವರು ಮಾತು ನಿಲ್ಲಿಸಿ ಬಾಯಿ ತೆರೆದು ಹಾಗೇ ಉಳಿದರು. ಅಷ್ಟರಲ್ಲಿ ಚೀಲ ಒಳಗಿಂದೊಳಗೇ ಕಮರಿ, ಪಡಸಾಲೆ ತುಂಬ ಹೊಗೆ ಎದ್ದಿತು. ಒಗ್ಗರಣೆಗೆ ಎರಡು ಮೆಣಸಿನಕಾಯಿ ಹತ್ತಿದರೇ ಓಣಿ ಕೆಮ್ಮುತ್ತದೆ, ಇದು ಒಂದು ಚೀಲ. ಹಾವೇರಿಯ ಮನೆತನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿತು. ಏಲಕ್ಕಿ ಹಾರ ಹೊಸ್ತಿಲಲ್ಲಿ ಯಾರದೋ ಕಾಲಿಗೆ ಸಿಕ್ಕಿತು. ಅಣ್ಣ ಚೀಲವನ್ನು ಕಿತ್ತು ನೀರಿನ ಹಂಡೆಗೆ ಎಸೆದನೇನೋ ಸರಿ, ಆಮೇಲೆ ಎರಡೂ ಕಣ್ಣು ಮುಚ್ಚಿ ಗೋಡೆ ಹಿಡಿದು ಕೂತುಬಿಟ್ಟ.

ಈ ಗದ್ದಲದಲ್ಲಿ ಸಂತೋಷದಿಂದಿದ್ದವಳು ಅಪ್ಪನ ತಾಯಿ, ನಮ್ಮ ಆಯಿ ಒಬ್ಬಳೇ. ದೃಷ್ಟಿ ತೆಗೆದು ಒಲೆಗೆ ಮೆಣಸಿನಕಾಯಿ ಹಾಕಿದಾಗ ಘಾಟು ಬರದಿದ್ದರೆ ದೃಷ್ಟಿ ಬಹಳ ಆಗಿದೆ ಎಂದರ್ಥ, ಘಾಟು ಬಂದರೆ ಏನೂ ಆಗಿಲ್ಲ ಎಂದರ್ಥ. ಇಷ್ಟು ಮಂದಿ ಕೆಮ್ಮಿದ ಮೇಲೆ ಈ ಮನೆಗೆ ಎಳ್ಳಷ್ಟೂ ದೃಷ್ಟಿಯಿಲ್ಲ ಎಂದು ಆಕೆ ಕೆಮ್ಮುತ್ತಲೇ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದಳು.

ಆದರೆ ಹಾವೇರಿ ಅಜ್ಜನ ಉಸಿರು ಸಿಕ್ಕಿಕೊಂಡಿತ್ತು. ಕಟ್ಟೆಯ ಮೇಲೆ ಕೂತು ಎದೆ ಹಿಡಿದುಕೊಂಡಿದ್ದರು, ತುಟಿ ಕಪ್ಪಾಗತೊಡಗಿತ್ತು. ದವಾಖಾನೆ ಇರುವುದು ಊರ ಆ ತುದಿಗೆ. ವೀರೇಶ ತನ್ನ ಬುಲೆಟ್ಟಿಗೆ ಹಾರಿದ. ಕಣ್ಣಲ್ಲಿ ನೀರು ತುಂಬಿ ಮೀಟರಿನ ಮುಳ್ಳು ಕಾಣಲೊಲ್ಲದು. ಕಾಣದೆಯೇ ಒದ್ದ. ಬುಲೆಟ್ ತಿರುಗಿ ಒದೆಯಿತು. ಪಾಪ, ಹಿಮ್ಮಡಿ ಹಿಡಿದುಕೊಂಡು ನೆಲದ ಮೇಲೆ ಕುಳಿತ. ಅಪ್ಪನ ಬುಲೆಟ್ ಹೊಗೆಯ ನಡುವೆ ದೇವರಂತೆ ನಿಂತಿತ್ತು, ಅದರ ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಹಿತ್ತಲಲ್ಲಿದ್ದವಳು, ನನ್ನ ಕಣ್ಣು ನೆಟ್ಟಗಿದ್ದವು. ಬೇವಿನ ಮರದ ಕೆಳಗೆ ಅಣ್ಣನ ಹಂಡ್ರೆಡ್ ಇತ್ತು. ನಾನು ಅದನ್ನು ಅಂಗಳಕ್ಕೆ ತಂದೆ. ಅಜ್ಜನನ್ನು ಹಿಂದೆ ಕೂರಿಸಿದರು. ಬೀಳುತ್ತಾರೆಂದು ಆಯಿ ಅವರ ತಲೆಯ ಕೆಂಪು ರುಮಾಲು ಬಿಚ್ಚಿ, ನಮ್ಮಿಬ್ಬರನ್ನೂ ಸೇರಿಸಿ ಸುತ್ತು ಸುತ್ತಾಗಿ ಬಿಗಿದಳು. ಒದ್ದೆ. ಚಾಲೂ ಆಯಿತು. ಕೈ ಮತ್ತೆ ಎರಡು ಸಲ ರೇಸ್ ಕೊಟ್ಟಿತು. ಕಣ್ಣೊರೆಸಿಕೊಳ್ಳುತ್ತಿದ್ದ ಅಪ್ಪ ಸರಕ್ಕನೆ ತಲೆಯೆತ್ತಿದ್ದನ್ನು ನೋಡಿದೆ. ನೋಡುತ್ತ ನಿಲ್ಲಲು ಹೊತ್ತಿರಲಿಲ್ಲ.

ಮಾರ್ಕೆಟ್ಟಿನ ದಿನ, ರಸ್ತೆ ತುಂಬ ಚಕ್ಕಡಿ, ಟ್ರ್ಯಾಕ್ಟರು, ಚೀಲ ಹೊತ್ತ ಹಮಾಲರು. ಬುಲೆಟ್ಟಿಗೆ ದಾರಿ ಬಿಡುತ್ತಾರೆ, ಹಂಡ್ರೆಡ್ಡಿಗೆ ದಾರಿ ಬೇಕಾಗುವುದಿಲ್ಲ. ಎತ್ತಿನ ಕೊಂಬಿಗೂ ಟ್ರ್ಯಾಕ್ಟರಿನ ಗಾಲಿಗೂ ನಡುವೆ ನುಸುಳಿಕೊಂಡು ದವಾಖಾನೆ ಮುಟ್ಟಿಸಿದೆ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಗುಳಿಗೆ ಕೊಟ್ಟು, ಒಂದಷ್ಟು ಹೊತ್ತು ಕೂರಿಸಿ, ಇನ್ನು ಭಯವಿಲ್ಲ, ಸ್ವಚ್ಛ ಗಾಳಿಯಲ್ಲಿರಲಿ ಎಂದರು. ಆ ಮಾತು ಅಜ್ಜನಿಗೆ ಗುಳಿಗೆಗಿಂತ ಹೆಚ್ಚು ಹಿಡಿಸಿತು. ಮನೆಯ ಕಡೆ ತಿರುಗಿಸಿದರೆ, ಅಲ್ಲಿ ಘಾಟು ಇನ್ನೂ ಆರಿರುವುದಿಲ್ಲ, ಕಾಗಿನೆಲೆ ರಸ್ತೆಗೆ ತಿರುಗಿಸು ಎಂದರು. ರುಮಾಲು ಮತ್ತೆ ಕಟ್ಟಿಕೊಂಡೇ ಹೊರಟೆವು.

ಊರು ದಾಟಿದ ಮೇಲೆ ಗಾಳಿ ತಂಪಾಗಿ ಬೀಸತೊಡಗಿತು. ಅಜ್ಜ ನನ್ನ ಬೆನ್ನ ಹಿಂದಿನಿಂದ, ನಮ್ಮ ಹುಡುಗ ನಿನ್ನ ಮನಸ್ಸಿಗೆ ಬಂದಿದ್ದಾನೇನು ಎಂದು ಕೇಳಿದರು. ಎದುರು ಕೂತು ಕೇಳಿದ್ದರೆ ನೆಲ ನೋಡಿ ಸುಮ್ಮನಾಗುತ್ತಿದ್ದೆ. ಮುಖ ಕಾಣದ್ದರಿಂದ ಬಾಯಿ ಬಂತು.

"ಇಲ್ರೀ ಅಜ್ಜಾರ. ರಾಣೆಬೆನ್ನೂರಿಂದ ಒಬ್ಬರು ಬಂದಿದ್ರು. ಅವರು ಬಂದಾರ್ರಿ ಮನಸಿಗೆ."

ಬೀಗರಾಗಬೇಕಾದವರಿಗೆ ಇದನ್ನು ಹೇಳುವ ಹುಡುಗಿ ಎಲ್ಲಿಯಾದರೂ ಇದ್ದಾಳೆಯೇ? ನಮ್ಮಿಬ್ಬರನ್ನು ಬಿಗಿದ ರುಮಾಲು ಅಲುಗಾಡತೊಡಗಿದಾಗ ಅಜ್ಜನಿಗೆ ಮತ್ತೆ ದಮ್ಮು ಬಂತೆಂದು ಹೆದರಿ ನಿಧಾನ ಮಾಡಿದೆ. ಅವರು ನಗುತ್ತಿದ್ದರು. ನಿಲ್ಲಿಸಬೇಡ, ಹೊಡೆ ಎಂದರು. ರಾಣೆಬೆನ್ನೂರಿನವರ ವಿಷಯ ಬುಡದಿಂದ ತುದಿಯವರೆಗೆ ಹೇಳಿಸಿಕೊಂಡ ಮೇಲೆಯೇ ಗಾಡಿ ತಿರುಗಿಸಲು ಬಿಟ್ಟರು.

ಮನೆಗೆ ಬಂದಾಗ ಅರ್ಧ ಓಣಿ ನಮ್ಮ ಅಂಗಳದಲ್ಲಿತ್ತು. ವೀರೇಶನ ಕಾಲಿಗೆ ಆಯಿ ಅರಿಶಿನ ಸುಣ್ಣ ಹಚ್ಚಿದ್ದಳು. ಅಜ್ಜ ರುಮಾಲು ಬಿಚ್ಚಿಸಿಕೊಂಡು, ಕಟ್ಟೆಯ ಮೇಲೆ ಕೂತು ನಿಧಾನವಾಗಿ ತಲೆಗೆ ಸುತ್ತಿಕೊಳ್ಳುತ್ತ, ಈ ಸಂಬಂಧ ಬೇಡ ಎಂದುಬಿಟ್ಟರು. ಎಲ್ಲರೂ ಬೆಪ್ಪಾದರು. ಜೀವ ಉಳಿಸಿದ ಹುಡುಗಿಯನ್ನು ಬೇಡವೆನ್ನುವುದೇ ಎಂದು ಅವರ ಮಗನೇ ಕೇಳಿದರು.

"ನಮ್ಮ ಹುಡುಗನ ಬುಲೆಟ್ ಚಾಲೂ ಆಗೂದ್ರಾಗ ಈಕಿ ಕಾಗಿನೆಲಿ ಮುಟ್ಟಿರತಾಳ. ಇದು ಜೋಡಿ ಕೂಡಂಗಿಲ್ಲ. ಇಬ್ಬರಿಗೂ ತ್ರಾಸ," ಎಂದರು ಅಜ್ಜ.

ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ನನ್ನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ವೀರೇಶನೂ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಕುಂಟುತ್ತ ಅಪ್ಪನ ಹತ್ತಿರ ಬಂದು, ಸಂಬಂಧ ತಪ್ಪಿದರೆ ತಪ್ಪಲಿ, ಎಂದಾದರೂ ಬುಲೆಟ್ ಮಾರುವುದಿದ್ದರೆ ಮೊದಲು ತನಗೇ ತಿಳಿಸಬೇಕು ಎಂದು ಕೇಳಿಕೊಂಡು ಹೋದ.

ಸಂಜೆ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡ. ಮೆಣಸಿನಕಾಯಿಯನ್ನು ಕಣ್ಣಿನಿಂದ, ಗಾಡಿಯನ್ನು ಕಿವಿಯಿಂದ ಅಳೆಯುವ ಮನುಷ್ಯ.

"ಎರಡ ಸಲ ರೇಸ್ ಕೊಟ್ಟಿ. ಅವತ್ತ ಬೇವಿನ ಗಿಡದ ಕೆಳಗೂ ನೀನ?"

ಹೌದು ಎಂದೆ. ಮಲ್ಲಿಕಾರ್ಜುನ ನನ್ನ ಸಲುವಾಗಿ ಪ್ಲಗ್ಗಿನ ಮಾತು ಆಡಿದ್ದನ್ನೂ ಹೇಳಿದೆ. ಅಣ್ಣ ತಾಟಿನೊಳಗೆ ಮುಖ ಹುದುಗಿಸಿದ್ದ. ಅಪ್ಪ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಹಂಗಾರ ಚಾಲೂ ಮಾಡಿದಾವ ಆ ಹುಡುಗ ಅಲ್ಲ ಎಂದಷ್ಟೇ ಅಂದು ರೊಟ್ಟಿ ತಿಂದ. ಅಪ್ಪನ ಮನಸ್ಸು ತಿರುಗಿತೆಂದು ನನಗೆ ತಿಳಿಯಿತು. ಆದರೆ ದಲಾಲಿಗಳ ಮನೆಯಲ್ಲಿ ಮನಸ್ಸು ತಿರುಗಿದರೆ ಸಾಲದು. ಹಾಕಿದ ಟೆಂಡರ್ ಚೀಟಿಯನ್ನು ತೆಗೆದು ತಿದ್ದುವ ಪದ್ಧತಿ ಯಾರ್ಡಿನಲ್ಲಿಲ್ಲ. ಬೇಡವೆಂದು ಹೇಳಿ ಕಳಿಸಿದ ಮನೆಗೆ ತಾನಾಗಿಯೇ ಹೋಗಿ ಮಗಳನ್ನು ಮಾಡಿಕೊಳ್ಳಿ ಎನ್ನುವುದು ಅಪ್ಪನ ಪಾಲಿಗೆ ಅದೇ ಆಗಿತ್ತು.

ಮುಂದಿನ ವಾರ ಅಪ್ಪ ಏಕೆಂದು ಯಾರಿಗೂ ಹೇಳದೆ ಬುಲೆಟ್ ಹತ್ತಿ ರಾಣೆಬೆನ್ನೂರಿಗೆ ಹೋದ. ನಾನು ಬಾಗಿಲಲ್ಲೇ ಕಾದೆ. ತಿರುಗಿ ಬಂದಾಗ ಕೈಯಲ್ಲಿ ಎಂಜಿನ್ನಿಗೆ ಹಾಕುವ ರಬ್ಬರ್ ಬೆಲ್ಟು ಇತ್ತು. ಅವ್ವ ಬೆಲ್ಟನ್ನೂ ಅಪ್ಪನನ್ನೂ ನೋಡಿದಳು. ಬೇಕಾಗುತ್ತದೆ ಎಂದ ಅಪ್ಪ. ಎಂಟು ದಿನ ಬಿಟ್ಟು ಮತ್ತೆ ಹೋದ. ಈ ಸಲ ಭಾವಿಯೊಳಗೆ ಪೈಪಿನ ತುದಿಗೆ ಹಾಕುವ ಕಬ್ಬಿಣದ ಫುಟ್‌ವಾಲ್ ಬಂತು. ನಮಗೆ ಹೊಲವಿಲ್ಲ, ಭಾವಿಯಿಲ್ಲ, ನಳದ ನೀರು. ಅಂಗಡಿಗೆ ಹೋಗಿ ಕೂತು, ಮಳೆ ಬೆಳೆ ಮಾತಾಡಿ, ಬಂದ ಮಾತು ಗಂಟಲಲ್ಲೇ ನಿಂತು, ಬರಿಗೈಯಲ್ಲಿ ಏಳಲು ನಾಚಿಕೆಯಾಗಿ ಏನಾದರೂ ಖರೀದಿ ಮಾಡಿಕೊಂಡು ಬರುತ್ತಿದ್ದ ಎಂದು ನನಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಯಿ ಫುಟ್‌ವಾಲನ್ನು ಹಿತ್ತಲ ಬಾಗಿಲು ಬಡಿಯದಂತೆ ಆನಿಕೆ ಇಟ್ಟಳು. ಒಂದು ಸಂಬಂಧ ಕೂಡುವುದರೊಳಗೆ ಇಡೀ ಪಂಪ್‌ಸೆಟ್ ಮನೆಗೆ ಬರುತ್ತದೆ ಎಂದು ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಅಷ್ಟು ದಿನದಲ್ಲಿ ಅವರಿಗೆ ಬೇರೆ ಹೆಣ್ಣು ಗೊತ್ತಾದರೆ ಎಂಬ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಅಪ್ಪ ಒಂದು ಬೆಳಿಗ್ಗೆ, ಹಬ್ಬಕ್ಕೆ ಸೀರೆ ತರೋಣ, ನೀನೂ ಬಾ ಎಂದ. ಸೀರೆ ಬ್ಯಾಡಗಿಯಲ್ಲೂ ಸಿಗುತ್ತಿದ್ದವು. ಬುಲೆಟ್ಟಿನ ಹಿಂದಿನ ಸೀಟಿನಲ್ಲಿ, ನಡುವೆ ಒಂದು ಗೇಣು ಜಾಗ ಬಿಟ್ಟು, ಸ್ಪ್ರಿಂಗಿನ ಮೇಲೆ ತೂಗುತ್ತ ಕೂತೆ. ದಾರಿಯುದ್ದಕ್ಕೂ ಬುಲೆಟ್ಟೇ ಇಬ್ಬರ ಪರವಾಗಿ ಮಾತಾಡಿತು. ಸೀರೆ ಅಂಗಡಿ ದಾಟಿ ಮುಂದೆ ಹೋಯಿತು. ಪಂಪ್‌ಸೆಟ್ ಅಂಗಡಿ ಮುಂದೆ ನಿಂತಿತು.

ಮಲ್ಲಿಕಾರ್ಜುನ ನನ್ನನ್ನು ಕಂಡು ಎದ್ದು ನಿಂತರು, ಕೂರಲು ಮರೆತರು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ ಕೂತು, ರಾಣೆಬೆನ್ನೂರಿನ ಬಿಸಿಲಿನ ಬಗ್ಗೆ ಹೇಳಿದ. ಬ್ಯಾಡಗಿಯ ಬಿಸಿಲಿನ ಬಗ್ಗೆ ಹೇಳಿದ. ಆಮೇಲೆ ಸುತ್ತ ನೋಡಿ, ಗೋಡೆಗೆ ಆನಿಸಿದ್ದ ದೊಡ್ಡ ಪೈಪಿನ ಸುರುಳಿ ತೋರಿಸಿ, ಅದನ್ನು ಬುಲೆಟ್ಟಿಗೆ ಕಟ್ಟಿಸಿಬಿಡು ಎಂದ. ಮಲ್ಲಿಕಾರ್ಜುನ ಪೈಪನ್ನು ನೋಡಲಿಲ್ಲ.

"ಸಾವಕಾರ್ರ, ತಪ್ಪ ತಿಳಕೋಬ್ಯಾಡ್ರಿ. ನಿಮಗ ಹೊಲಾ ಇಲ್ಲ, ಭಾವೀನೂ ಇಲ್ಲ. ಇಷ್ಟೆಲ್ಲಾ ಒಯ್ದು ಏನ ಮಾಡ್ತೀರಿ?"

ಅಪ್ಪ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅದನ್ನೇ ನೋಡುತ್ತ ಕೂತ. ನಾನು ಹೊರಗೆ ಬುಲೆಟ್ಟಿನ ಹತ್ತಿರ ನಿಂತಿದ್ದೆ.

"ಭಾವಿ ಇಲ್ಲಪಾ," ಎಂದ ಅಪ್ಪ. "ಮಗಳ ಅದಾಳ."

ಮಲ್ಲಿಕಾರ್ಜುನ ಗಲ್ಲೆಯ ಹಿಂದಿನಿಂದ ಬಂದು ಅಪ್ಪನ ಕಾಲು ಮುಟ್ಟಿದರು. ಅಪ್ಪ ಎಲ್ಲಿ ನೋಡಬೇಕೋ ತಿಳಿಯದೆ ಟೊಪ್ಪಿಗೆ ಹಾಕಿಕೊಂಡು, ಮತ್ತೆ ತೆಗೆದು, ಕಣ್ಣೊರೆಸಿಕೊಂಡ. ಅಲ್ಲಿ ಮೆಣಸಿನಕಾಯಿಯ ನೆವ ಇರಲಿಲ್ಲ. ಕೊನೆಗೆ ವ್ಯಾಪಾರದ ದನಿ ತಂದುಕೊಂಡು, ಹಾಗಾದರೆ ಹಿಂದೆ ಒಯ್ದ ಬೆಲ್ಟು, ಫುಟ್‌ವಾಲು ತಿರುಗಿ ತಗೊಳ್ಳುತ್ತೀಯೇನು ಎಂದು ಕೇಳಿದ.

"ಮಾರಿದ ಮಾಲು ತಿರುಗಿ ತಗೊಳ್ಳಂಗಿಲ್ರಿ, ಮಾವಾರ," ಎಂದರು ಅವರು.